ಎಂಎಸ್ ಅಧ್ಯಯನಕ್ಕೆ ಡಿಫ್ಯೂಷನ್ ಎಂಆರ್‌ಐ: ಸ್ಕ್ಯಾನ್‌ನಿಂದ ಫಲಿತಾಂಶದವರೆಗೆ

ರೇಡಿಯಾಲಜಿ, ನ್ಯೂರಾಲಜಿ ಓದುತ್ತಿರುವವರು, ಬಯೋಮೆಡಿಕಲ್ ಎಂಜಿನಿಯರಿಂಗ್ ಮುಗಿಸಿ ಸಂಶೋಧನೆಗೆ ಇಳಿದವರು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಾರೆ: "ಎಂಎಸ್ ರೋಗಿಗಳ ಡಿಫ್ಯೂಷನ್ ಸ್ಕ್ಯಾನ್ ಕೈಗೆ ಬಂದಿದೆ. ಎಫ್‌ಎ ಲೆಕ್ಕ ಹಾಕುವುದು ಗೊತ್ತು. ಮುಂದೇನು ಮಾಡಲಿ?"

ಎಫ್‌ಎ ಅಂದರೆ ನೀರಿನ ಅಲೆದಾಟ ಎಷ್ಟರ ಮಟ್ಟಿಗೆ ಒಂದೇ ದಿಕ್ಕಿಗೆ ಒಲಿದಿದೆ ಎನ್ನುವ ಅಳತೆ. ಅದರ ಲೆಕ್ಕವನ್ನು ಕಂಪ್ಯೂಟರ್ ಕೆಲವೇ ನಿಮಿಷದಲ್ಲಿ ಮಾಡಿಬಿಡುತ್ತದೆ. ಕಷ್ಟ ಇರುವುದು ಅದಕ್ಕೂ ಮುಂಚಿನ ತಯಾರಿಯಲ್ಲಿ ಮತ್ತು ಬಂದ ಸಂಖ್ಯೆಗೆ ಅರ್ಥ ಹೇಳುವುದರಲ್ಲಿ. ಅದರಲ್ಲೂ ಎಂಎಸ್ ಇರುವ ಮೆದುಳಿಗೆ ಆರೋಗ್ಯವಂತರ ಡೇಟಾಗೆ ಮಾಡಿದ ವಿಧಾನವನ್ನು ಹಾಗೇ ಹಾಕಿದರೆ ತಪ್ಪು ಉತ್ತರ ಬರುತ್ತದೆ, ಅದು ತಪ್ಪು ಅಂತ ಗೊತ್ತೂ ಆಗುವುದಿಲ್ಲ. ಈ ಲೇಖನ ಅದಕ್ಕಾಗಿ.

ಮೊದಲು ಸ್ವಲ್ಪ ಹಿನ್ನೆಲೆ

ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿರುವ ಮೈಲಿನ್ ಎಂಬ ಕೊಬ್ಬಿನ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಹೊದಿಕೆಯ ಜೊತೆಗೆ ತಂತುಗಳೂ ಹಾಳಾಗುತ್ತವೆ. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೋ ಇದನ್ನು ಒಂದು ಪ್ರತ್ಯೇಕ ಕಾಯಿಲೆ ಎಂದು ವಿವರಿಸಿದರು. 2020ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 28 ಲಕ್ಷ ಜನರಿಗೆ ಈ ಕಾಯಿಲೆ ಇದೆ.

ಸಾಮಾನ್ಯ ಎಂಆರ್‌ಐನಲ್ಲಿ ದಾಳಿಯಾದ ಜಾಗಗಳು ಬಿಳಿ ಕಲೆಗಳಾಗಿ ಕಾಣುತ್ತವೆ. ಇವನ್ನು ಲೀಷನ್ ಎನ್ನುತ್ತಾರೆ. ಇಲ್ಲಿ ನಾನು ಕಲೆ ಅಂತಲೇ ಬರೆಯುತ್ತೇನೆ. ತೊಂದರೆ ಏನೆಂದರೆ, ಕಲೆಗಳ ಗಾತ್ರಕ್ಕೂ ರೋಗಿಯ ಕಷ್ಟಕ್ಕೂ ಸರಿಯಾದ ಹೊಂದಾಣಿಕೆ ಇಲ್ಲ. ತುಂಬಾ ಕಲೆ ಇದ್ದೂ ಚೆನ್ನಾಗಿ ಓಡಾಡುವವರು ಇದ್ದಾರೆ. ಕಡಿಮೆ ಕಲೆ ಇದ್ದೂ ಕೋಲು ಹಿಡಿದವರು ಇದ್ದಾರೆ. ಕಲೆ ಕಾಣದ ಜಾಗದಲ್ಲೂ ಹಾನಿ ಆಗಿರುತ್ತದೆ ಎನ್ನುವುದು ಇದಕ್ಕೆ ಒಂದು ಕಾರಣ. ಡಿಫ್ಯೂಷನ್ ಬೇಕಾಗುವುದು ಅಲ್ಲೇ.

ಡಿಫ್ಯೂಷನ್ ಅಂದರೆ ನೀರಿನ ಅಣುಗಳ ಸಹಜ ಅಲೆದಾಟ. ಕಬ್ಬಿನ ಹೊರೆಯ ಮೇಲೆ ನೀರು ಸುರಿದರೆ ಅದು ಜಲ್ಲೆಗಳ ಉದ್ದಕ್ಕೆ ಸುಲಭವಾಗಿ ಹರಿಯುತ್ತದೆ, ಅಡ್ಡಕ್ಕೆ ಹೋಗಲು ಕಷ್ಟ. ಮೆದುಳಿನ ಬಿಳಿ ಭಾಗದಲ್ಲಿ, ಅಂದರೆ ವೈಟ್ ಮ್ಯಾಟರ್‌ನಲ್ಲಿ, ನರತಂತುಗಳ ಕಟ್ಟಿನೊಳಗೂ ಹಾಗೇ. ಸ್ಕ್ಯಾನರ್ ಬೇರೆ ಬೇರೆ ದಿಕ್ಕಿನಲ್ಲಿ ಈ ಅಲೆದಾಟವನ್ನು ಅಳೆಯುತ್ತದೆ. ಅಳೆಯುವುದು ನೀರನ್ನು ಮಾತ್ರ, ಮೈಲಿನ್ ಅನ್ನು ಅಲ್ಲ. ಈ ಮಾತನ್ನು ಕೊನೆಯವರೆಗೂ ನೆನಪಿಡಿ.

ಏನೇನು ಬೇಕು

- 3 ಟೆಸ್ಲಾ ಸ್ಕ್ಯಾನರ್ ಇದ್ದರೆ ಒಳ್ಳೆಯದು. 1.5 ಟೆಸ್ಲಾದಲ್ಲೂ ಆಗುತ್ತದೆ, ಚಿತ್ರದಲ್ಲಿ ಗದ್ದಲ (ನಾಯ್ಸ್) ಜಾಸ್ತಿ.
- ಡಿಫ್ಯೂಷನ್ ಜೊತೆಗೆ ಪ್ರತಿಯೊಬ್ಬರ ಟಿ1 ಮತ್ತು ಫ್ಲೇರ್ ಚಿತ್ರ, ಎರಡೂ ಮೂರು ಆಯಾಮದಲ್ಲಿ. ಫ್ಲೇರ್ ಅಂದರೆ ಮೆದುಳಿನ ಸುತ್ತಲಿನ ದ್ರವವನ್ನು ಕಪ್ಪಾಗಿಸಿ ಕಲೆಗಳನ್ನು ಎದ್ದು ತೋರಿಸುವ ಚಿತ್ರ.
- ಲಿನಕ್ಸ್ ಕಂಪ್ಯೂಟರ್. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ.
- ಎಫ್‌ಎಸ್‌ಎಲ್, ಎಂಆರ್‌ಟ್ರಿಕ್ಸ್ ಎಂಬ ತಂತ್ರಾಂಶಗಳು. ಸಂಶೋಧನೆಗೆ ಎರಡೂ ಉಚಿತ.
- ಕಲೆ ಗುರುತಿಸಲು ಬಲ್ಲ ಒಬ್ಬ ರೇಡಿಯಾಲಜಿಸ್ಟ್. ತಂತ್ರಾಂಶ ಇವರ ಜಾಗ ತುಂಬುವುದಿಲ್ಲ.

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಎಂಎಸ್‌ನಲ್ಲಿ ಡಿಫ್ಯೂಷನ್ ಹೇಗೆ ಬದಲಾಗುತ್ತದೆ" ಅನ್ನುವುದು ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಎಂದೋ ಬಂದಿದೆ. "ಕಾರ್ಟಿಕೋಸ್ಪೈನಲ್ ಟ್ರಾಕ್ಟ್‌ನಲ್ಲಿ ಕಲೆ ಬಿಟ್ಟು ಉಳಿದ ಭಾಗದ ಎಂಡಿಗೂ ನಡಿಗೆಯ ವೇಗಕ್ಕೂ ಸಂಬಂಧ ಇದೆಯೇ?" ಇದು ಪ್ರಶ್ನೆ. ಕಾರ್ಟಿಕೋಸ್ಪೈನಲ್ ಟ್ರಾಕ್ಟ್ ಅಂದರೆ ಮೆದುಳಿನಿಂದ ಬೆನ್ನುಹುರಿಗೆ ಚಲನೆಯ ಆಜ್ಞೆ ಒಯ್ಯುವ ದಾರಿ. ಎಂಡಿ ಅಂದರೆ ಎಲ್ಲಾ ದಿಕ್ಕಿನಲ್ಲೂ ನೀರಿನ ಸರಾಸರಿ ಅಲೆದಾಟ. ಒಂದು ದಾರಿ, ಒಂದು ಅಳತೆ, ಒಂದು ಪರೀಕ್ಷೆ. ಇದನ್ನು ಡೇಟಾ ನೋಡುವ ಮೊದಲೇ ಬರೆದು ದಿನಾಂಕ ಹಾಕಿಡಿ.

ರೋಗಿಯ ಸ್ಥಿತಿ ಅಳೆಯಲು ಇಡಿಎಸ್‌ಎಸ್ ಎಲ್ಲರಿಗೂ ಗೊತ್ತು. ಕುರ್ಟ್ಜ್‌ಕೆ ಎಂಬ ನರವೈದ್ಯರು 1983ರಲ್ಲಿ ಕೊಟ್ಟ 0ಯಿಂದ 10ರವರೆಗಿನ ಅಂಕ ಅದು. ಆದರೆ ಅದರ ಮಧ್ಯಭಾಗ ಪೂರ್ತಿ ನಡಿಗೆಯ ಮೇಲೇ ನಿಂತಿದೆ. ಯೋಚನೆ, ನೆನಪು, ಕೈಚಳಕ ನಿಮ್ಮ ವಿಷಯವಾದರೆ ಅದೊಂದೇ ಸಾಲದು. ಕೈಗೆ ಒಂಬತ್ತು ಗೂಟದ ಪರೀಕ್ಷೆ, ಯೋಚನೆಯ ವೇಗಕ್ಕೆ ಎಸ್‌ಡಿಎಂಟಿ ಎಂಬ ಚಿಹ್ನೆಗೆ ಅಂಕಿ ಹೊಂದಿಸುವ ಪರೀಕ್ಷೆ ಕೂಡ ಸೇರಿಸಿಕೊಳ್ಳಿ.

ಹಂತ 2: ಅನುಮತಿ, ಒಪ್ಪಿಗೆ

ಭಾರತದಲ್ಲಿ ಕೆಲಸ ಮಾಡುತ್ತಿದ್ದರೆ ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು ಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿ ಇದಕ್ಕೆ ಆಧಾರ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಲಿ.

"ಈ ಸ್ಕ್ಯಾನ್‌ನಿಂದ ನನ್ನ ಕಾಯಿಲೆ ಜಾಸ್ತಿ ಆಗಿದೆಯೋ ಇಲ್ಲವೋ ತಿಳಿಯುತ್ತದಾ?" ಅಂತ ಅವರು ಕೇಳೇ ಕೇಳುತ್ತಾರೆ. ನೇರವಾಗಿ ಹೇಳಿ: ಡಿಫ್ಯೂಷನ್ ಅಳತೆ ಇವತ್ತಿಗೆ ಗುಂಪುಗಳನ್ನು ಹೋಲಿಸಲು ಉಪಯುಕ್ತ, ಒಬ್ಬರ ಬಗ್ಗೆ ತೀರ್ಪು ಕೊಡಲು ಅಲ್ಲ. ಮೆಕ್‌ಡೊನಾಲ್ಡ್ ಮಾನದಂಡ, ಅಂದರೆ ಎಂಎಸ್ ಇದೆ ಎಂದು ಹೇಳಲು ವೈದ್ಯರು ಬಳಸುವ ನಿಯಮಗಳು, ಎಫ್‌ಎ ಅಥವಾ ಎಂಡಿಯನ್ನು ಕೇಳುವುದಿಲ್ಲ.

ಟಿ1 ಚಿತ್ರದಿಂದ ಮುಖವನ್ನು ಮರಳಿ ಕಟ್ಟಬಹುದು. ಆದ್ದರಿಂದ ಹಂಚಿಕೊಳ್ಳುವ ಮುಂಚೆ ಹೆಸರು ತೆಗೆದರೆ ಸಾಲದು, ಮುಖದ ಭಾಗವನ್ನೂ ಅಳಿಸಿ.

ಹಂತ 3: ಸ್ಕ್ಯಾನ್ ತೆಗೆಯುವುದು

ಬಿ-ವ್ಯಾಲ್ಯೂ ಅಂದರೆ ನೀರಿನ ಅಲೆದಾಟಕ್ಕೆ ಸ್ಕ್ಯಾನರ್ ಎಷ್ಟು ಸೂಕ್ಷ್ಮವಾಗಿದೆ ಎನ್ನುವ ಅಳತೆ. ಹೆಚ್ಚು ಬಿ, ಹೆಚ್ಚು ಸೂಕ್ಷ್ಮ, ಆದರೆ ಸಿಗ್ನಲ್ ಕಡಿಮೆ. ಟೆನ್ಸರ್ ಲೆಕ್ಕಕ್ಕೆ, ಅಂದರೆ ಎಫ್‌ಎ, ಎಂಡಿ ಕೊಡುವ ಲೆಕ್ಕಕ್ಕೆ, ಸಿದ್ಧಾಂತದ ಪ್ರಕಾರ 6 ದಿಕ್ಕು ಸಾಕು, ನಂಬುವಂಥ ಫಲಿತಾಂಶಕ್ಕೆ ಕನಿಷ್ಠ 30 ಬೇಕು. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಹೀಗಿದೆ:

- ವಾಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಘನ, ಮೂರೂ ಕಡೆ 2 ಮಿಲಿಮೀಟರ್ ಇರಲಿ.
- ಬಿ 1000ಕ್ಕೆ 30 ಅಥವಾ ಹೆಚ್ಚು ದಿಕ್ಕು. ಬಿ 2000ರ ಆಸುಪಾಸಿನಲ್ಲಿ 60 ದಿಕ್ಕಿನ ಇನ್ನೊಂದು ಸುತ್ತು.
- ಬಿ 0 ಚಿತ್ರಗಳನ್ನು ಒಂದೇ ಕಡೆ ಗುಡ್ಡೆ ಹಾಕಬೇಡಿ, ನಡುನಡುವೆ ಹರಡಿ.
- ಫೇಸ್ ಎನ್‌ಕೋಡಿಂಗ್ ದಿಕ್ಕನ್ನು (ಚಿತ್ರ ಸೊಟ್ಟಗಾಗುವುದು ಈ ದಿಕ್ಕಿನಲ್ಲೇ) ತಿರುಗಿಸಿ ಒಂದೆರಡು ಬಿ 0 ಚಿತ್ರ ತೆಗೆಯಿರಿ. ಒಂದು ನಿಮಿಷಕ್ಕಿಂತ ಕಡಿಮೆ ಸಮಯ. ಇದನ್ನು ಬಿಟ್ಟರೆ ಚಿತ್ರದ ಸೊಟ್ಟವನ್ನು ಸರಿಯಾಗಿ ತಿದ್ದಲು ಆಗುವುದಿಲ್ಲ.

ಎಚ್ಚರಿಕೆ: ರೋಗಿಗಳನ್ನೆಲ್ಲ ಮೊದಲ ವರ್ಷ, ಆರೋಗ್ಯವಂತರನ್ನೆಲ್ಲ ಎರಡನೇ ವರ್ಷ ಸ್ಕ್ಯಾನ್ ಮಾಡಬೇಡಿ. ನಡುವೆ ಸ್ಕ್ಯಾನರ್ ಅಪ್‌ಗ್ರೇಡ್ ಆದರೆ ಕಾಯಿಲೆಯ ವ್ಯತ್ಯಾಸ ಯಾವುದು, ಯಂತ್ರದ್ದು ಯಾವುದು ಎಂದು ಬಿಡಿಸಲು ಸಾಧ್ಯವೇ ಇಲ್ಲ. ಇಬ್ಬರನ್ನೂ ಬೆರೆಸಿ ಕರೆಯಿರಿ.

ಹೊಸ ದಾಳಿ ಆಗಿರುವವರು, ಈಗಷ್ಟೇ ಸ್ಟಿರಾಯ್ಡ್ ಡ್ರಿಪ್ ಪಡೆದವರು ಇದ್ದರೆ ಕನಿಷ್ಠ ಒಂದು ತಿಂಗಳು ಬಿಟ್ಟು ಕರೆಯುವುದು ರೂಢಿ. ಊತ ಇದ್ದಾಗ ನೀರಿನ ಲೆಕ್ಕವೇ ಬೇರೆ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವುದಾದರೆ ಡಿಫ್ಯೂಷನ್ ಅದಕ್ಕೂ ಮೊದಲೋ ನಂತರವೋ ಎಂದು ನಿರ್ಧರಿಸಿ, ಎಲ್ಲರಿಗೂ ಅದೇ ಕ್ರಮ ಪಾಲಿಸಿ.

ಹಂತ 4: ಡೇಟಾ ಇಳಿಸಿಕೊಂಡು ಕಣ್ಣಾರೆ ನೋಡಿ

ಸ್ಕ್ಯಾನರ್ ಕೊಡುವ ಡೈಕಾಮ್ ಕಡತಗಳನ್ನು ತಂತ್ರಾಂಶಗಳು ಓದುವ ನಿಫ್ಟಿ ರೂಪಕ್ಕೆ ಬದಲಿಸಿದಾಗ ಚಿತ್ರದ ಜೊತೆ ಎರಡು ಚಿಕ್ಕ ಕಡತ ಬರುತ್ತವೆ: ಬಿವ್ಯಾಲ್ ಮತ್ತು ಬಿವೆಕ್. ಒಂದರಲ್ಲಿ ಬಿ-ವ್ಯಾಲ್ಯೂಗಳು, ಇನ್ನೊಂದರಲ್ಲಿ ದಿಕ್ಕುಗಳು. ಅವುಗಳ ಸಂಖ್ಯೆ ಚಿತ್ರಗಳ ಸಂಖ್ಯೆಗೆ ಹೊಂದಬೇಕು. ಕೆಲವು ಸ್ಕ್ಯಾನರ್‌ಗಳು ಕೊನೆಯಲ್ಲಿ ತಾವೇ ಲೆಕ್ಕ ಹಾಕಿದ ಸರಾಸರಿ ಚಿತ್ರವೊಂದನ್ನು ಅಂಟಿಸಿರುತ್ತವೆ. ಅದನ್ನು ತೆಗೆಯಿರಿ.

ಆಮೇಲೆ ಎಲ್ಲಾ ಚಿತ್ರಗಳನ್ನೂ ಸಿನಿಮಾದಂತೆ ಓಡಿಸಿ ನೋಡಿ. ತಲೆ ಅಲುಗಾಡಿದ್ದು, ನಡುವೆ ಒಂದೊಂದು ಪದರ ಕಪ್ಪಾಗಿ ಬಿಟ್ಟುಹೋಗಿದ್ದು ಆಗ ಕಾಣುತ್ತದೆ. ಈ ಕೆಲಸವನ್ನು ದಯವಿಟ್ಟು ಬಿಡಬೇಡಿ. ಎಂಎಸ್ ರೋಗಿಗಳಿಗೆ ನಡುಕ, ಸೆಳೆತ, ಬೇಗ ಸುಸ್ತಾಗುವುದು ಸಾಮಾನ್ಯ. ಅವರು ಆರೋಗ್ಯವಂತರಿಗಿಂತ ಜಾಸ್ತಿ ಅಲುಗಾಡಬಹುದು. ಅಲುಗಾಟವೇ ಎಫ್‌ಎಯನ್ನು ಬದಲಿಸುತ್ತದೆ. ಆಗ ನೀವು ಕಾಯಿಲೆ ಅಂದುಕೊಂಡಿದ್ದು ಅಲುಗಾಟ ಆಗಿರಬಹುದು, ಅಲ್ವಾ?

ಹಂತ 5: ಶುಚಿ ಮಾಡುವ ಕ್ರಮ

ಕ್ರಮ ಮುಖ್ಯ. ಮೊದಲು ಗದ್ದಲ ತೆಗೆಯುವುದು. ನಂತರ ಗಿಬ್ಸ್ ಅಲೆಗಳನ್ನು ತೆಗೆಯುವುದು. ಇವು ಹೊಳಪು ಥಟ್ಟನೆ ಬದಲಾಗುವ ಅಂಚುಗಳ ಪಕ್ಕ ಬರುವ ಸುಳ್ಳು ಗೆರೆಗಳು. ಆಮೇಲೆ ಟಾಪ್‌ಅಪ್ ಎಂಬ ಸಾಧನದಿಂದ ಚಿತ್ರದ ಸೊಟ್ಟವನ್ನು ಲೆಕ್ಕ ಹಾಕಿ, ಎಡ್ಡಿ ಎಂಬ ಸಾಧನದಿಂದ ಸೊಟ್ಟ, ಅಲುಗಾಟ, ಬಿಟ್ಟುಹೋದ ಪದರ ಎಲ್ಲವನ್ನೂ ಒಟ್ಟಿಗೆ ತಿದ್ದುವುದು.

ಗದ್ದಲ ತೆಗೆಯುವುದು ಮೊದಲೇ ಏಕೆ? ಚಿತ್ರವನ್ನು ಒಮ್ಮೆ ಸರಿಸಿ ತಿರುಗಿಸಿದರೆ ಪಕ್ಕಪಕ್ಕದ ವಾಕ್ಸೆಲ್‌ಗಳ ಗದ್ದಲ ಬೆರೆತುಹೋಗುತ್ತದೆ. ಆಮೇಲೆ ಅದನ್ನು ಗುರುತಿಸುವ ಲೆಕ್ಕವೇ ಕೆಲಸ ಮಾಡುವುದಿಲ್ಲ.

ಇಲ್ಲಿ ಎರಡು ತಪ್ಪು ತುಂಬಾ ಸಾಮಾನ್ಯ. ಒಂದು, ಟಾಪ್‌ಅಪ್‌ಗೆ ಕೊಟ್ಟ ಫೇಸ್ ಎನ್‌ಕೋಡಿಂಗ್ ದಿಕ್ಕನ್ನು ಎಡ್ಡಿಗೆ ಉಲ್ಟಾ ಕೊಡುವುದು. ಆಗ ಸೊಟ್ಟ ಸರಿಹೋಗುವ ಬದಲು ಇಮ್ಮಡಿ ಆಗುತ್ತದೆ. ಹಣೆಯ ಭಾಗ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಎರಡು, ಎಡ್ಡಿ ತಲೆ ತಿರುಗಿದ್ದಕ್ಕೆ ಸರಿಯಾಗಿ ದಿಕ್ಕುಗಳನ್ನೂ ತಿರುಗಿಸಿ ಹೊಸ ಬಿವೆಕ್ ಕೊಡುತ್ತದೆ. ಮುಂದಿನ ಲೆಕ್ಕಕ್ಕೆ ಆ ಹೊಸದನ್ನೇ ಬಳಸಿ, ಹಳೆಯದನ್ನಲ್ಲ.

ಹಂತ 6: ಕಲೆಗಳನ್ನು ಬೇರೆ ಮಾಡಿ

ಎಂಎಸ್ ಅಧ್ಯಯನ ಗೆಲ್ಲುವುದೂ ಸೋಲುವುದೂ ಇಲ್ಲೇ. ನಿಧಾನವಾಗಿ ಓದಿ.

ಕಲೆಯ ಒಳಗೆ ಎಫ್‌ಎ ತುಂಬಾ ಇಳಿದಿರುತ್ತದೆ, ಎಂಡಿ ಏರಿರುತ್ತದೆ. ನಾರ್ಮಲ್ ಆಗಿ ಕಾಣುವ ಬಿಳಿ ಭಾಗದಲ್ಲೂ ಅದೇ ದಿಕ್ಕಿನ ಬದಲಾವಣೆ ಇರುತ್ತದೆ, ಆದರೆ ತುಂಬಾ ಸಣ್ಣದು. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ನೀವು ಅಳೆದಿದ್ದು ಬರೀ ಕಲೆಯ ಗಾತ್ರವನ್ನು. ಅದಕ್ಕೆ ಫ್ಲೇರ್ ಒಂದೇ ಸಾಕಿತ್ತು, ಡಿಫ್ಯೂಷನ್ ಬೇಕಿರಲಿಲ್ಲ.

ಹಾಗಾಗಿ ಹೀಗೆ ಮಾಡಿ:

1. ಫ್ಲೇರ್ ಮತ್ತು ಟಿ1 ನೋಡಿ ಕಲೆಗಳ ಮಾಸ್ಕ್ ತಯಾರಿಸಿ. ಮಾಸ್ಕ್ ಅಂದರೆ ಕಲೆ ಇರುವ ವಾಕ್ಸೆಲ್‌ಗೆ 1, ಉಳಿದದ್ದಕ್ಕೆ 0 ಇರುವ ನಕ್ಷೆ. ತಂತ್ರಾಂಶ ಮೊದಲ ಕರಡು ಕೊಡಲಿ, ತಿದ್ದುವುದು ಮನುಷ್ಯರೇ. ಗುರುತಿಸುವವರಿಗೆ ರೋಗಿಯ ಇಡಿಎಸ್‌ಎಸ್ ಗೊತ್ತಿರಬಾರದು.

2. ಟಿ1 ಚಿತ್ರದಲ್ಲಿ ಕಲೆಗಳನ್ನು ತುಂಬಿ. ಕಪ್ಪಾದ ಕಲೆಗಳನ್ನು ತಂತ್ರಾಂಶ ಬೂದು ಭಾಗ ಎಂದು ತಪ್ಪಾಗಿ ಓದುತ್ತದೆ. ಸುತ್ತಲಿನ ಆರೋಗ್ಯಕರ ಬಿಳಿ ಭಾಗದ ಹೊಳಪನ್ನು ಕಲೆಯ ಜಾಗಕ್ಕೆ ತುಂಬಿದರೆ ಆ ತಪ್ಪು ತಪ್ಪುತ್ತದೆ. ತುಂಬಿದ ಚಿತ್ರವನ್ನು ಭಾಗ ಮಾಡಲು ಮಾತ್ರ ಬಳಸಿ, ಅಳತೆಗೆ ಅಲ್ಲ.

3. ಟಿ1 ಮತ್ತು ಡಿಫ್ಯೂಷನ್ ಚಿತ್ರಗಳನ್ನು ಹೊಂದಿಸಿ. ಮಾಸ್ಕ್ ಅನ್ನು ಡಿಫ್ಯೂಷನ್ ಜಾಗಕ್ಕೆ ತರುವಾಗ ಅತಿ ಹತ್ತಿರದ ವಾಕ್ಸೆಲ್‌ನ ಬೆಲೆಯನ್ನೇ ತೆಗೆದುಕೊಳ್ಳುವ ನಿಯರೆಸ್ಟ್ ನೇಬರ್ ವಿಧಾನ ಬಳಸಿ. ಇಲ್ಲದಿದ್ದರೆ 0.3, 0.6 ಎಂಬ ಅರೆಬರೆ ವಾಕ್ಸೆಲ್‌ಗಳು ಹುಟ್ಟುತ್ತವೆ.

4. ಕಲೆಯ ಸುತ್ತ ಒಂದೆರಡು ವಾಕ್ಸೆಲ್ ದಪ್ಪದ ಅಂಚನ್ನು ಬೇರೆ ಇಡಿ. ಅದು ಪೂರ್ತಿ ಕಲೆಯೂ ಅಲ್ಲ, ನಾರ್ಮಲ್ ಕೂಡ ಅಲ್ಲ. ಅದನ್ನು ನಾರ್ಮಲ್ ಭಾಗಕ್ಕೆ ಸೇರಿಸಿದರೆ ಆ ಭಾಗದ ಹಾನಿ ಇಲ್ಲದಷ್ಟು ದೊಡ್ಡದಾಗಿ ಕಾಣುತ್ತದೆ.

ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕಲೋಸಂ ಬಗ್ಗೆ ವಿಶೇಷ ಗಮನ ಇರಲಿ. ಎಂಎಸ್ ಕಲೆಗಳಿಗೆ ಅದು ಅಚ್ಚುಮೆಚ್ಚಿನ ಜಾಗ. ವೆಂಟ್ರಿಕಲ್‌ನಿಂದ, ಅಂದರೆ ಮೆದುಳಿನೊಳಗಿನ ದ್ರವದ ಕೋಣೆಯಿಂದ, ಹೊರಕ್ಕೆ ಬೆರಳುಗಳಂತೆ ಚಾಚಿದ ಕಲೆಗಳಿಗೆ ಡಾಸನ್‌ನ ಬೆರಳುಗಳು ಎಂದೇ ಹೆಸರು. 1916ರಲ್ಲಿ ಎಡಿನ್‌ಬರೋದ ಡಾಸನ್ ಈ ಕಾಯಿಲೆಯನ್ನು ಸೂಕ್ಷ್ಮದರ್ಶಕದಲ್ಲಿ ವಿವರವಾಗಿ ನೋಡಿ ಬರೆದವರು. ಆದರೆ ಕಾರ್ಪಸ್ ಕಲೋಸಂ ಪಕ್ಕದಲ್ಲೇ ದ್ರವ ತುಂಬಿದ ವೆಂಟ್ರಿಕಲ್ ಇದೆ. ಕಾಯಿಲೆ ಹಳೆಯದಾದಂತೆ ಮೆದುಳು ಕುಗ್ಗಿ ವೆಂಟ್ರಿಕಲ್ ಹಿಗ್ಗುತ್ತದೆ. 2 ಮಿಲಿಮೀಟರ್ ವಾಕ್ಸೆಲ್‌ನೊಳಗೆ ಸ್ವಲ್ಪ ದ್ರವ ಸೇರಿದರೂ ಎಂಡಿ ಹಾರುತ್ತದೆ, ಏಕೆಂದರೆ ಬಿಳಿ ಭಾಗದಲ್ಲಿ ಎಂಡಿ ಮಿಲಿಸೆಕೆಂಡಿಗೆ ಸುಮಾರು 0.7–0.8 ಚದರ ಮೈಕ್ರೋಮೀಟರ್ ಇದ್ದರೆ ದ್ರವದಲ್ಲಿ ಸುಮಾರು 3. ಅಂಚಿನ ವಾಕ್ಸೆಲ್‌ಗಳನ್ನು ಬಿಡಿ, ಅಥವಾ ದ್ರವದ ಪಾಲನ್ನು ಬೇರೆ ಮಾಡುವ ಫ್ರೀ ವಾಟರ್ ಮಾದರಿ ಬಳಸಿ. ವೆಂಟ್ರಿಕಲ್ ಪಕ್ಕದ ತೆಳ್ಳಗಿನ ನರಕಟ್ಟು ಫಾರ್ನಿಕ್ಸ್‌ನಲ್ಲಂತೂ ಈ ತೊಂದರೆ ಇನ್ನೂ ಜಾಸ್ತಿ.

ಹಂತ 7: ಟೆನ್ಸರ್ ಲೆಕ್ಕ

ಬ್ಯಾಸರ್ ಮತ್ತು ಸಂಗಡಿಗರು 1994ರಲ್ಲಿ ಮುಂದಿಟ್ಟ ವಿಧಾನ ಇದು. ಪ್ರತಿ ವಾಕ್ಸೆಲ್‌ನಲ್ಲೂ ನೀರಿನ ಅಲೆದಾಟವನ್ನು ಒಂದು ಮೊಟ್ಟೆಯಾಕಾರ ಎಂದು ತಿಳಿದು ಅದರ ಉದ್ದ, ದಪ್ಪ, ದಿಕ್ಕು ಕಂಡುಹಿಡಿಯುತ್ತದೆ. ಟೆನ್ಸರ್‌ಗೆ ಬಿ 0 ಮತ್ತು ಬಿ 1000 ಚಿತ್ರಗಳನ್ನು ಮಾತ್ರ ಕೊಡಿ. ಬಿ 2000ದಲ್ಲಿ ಈ ಸರಳ ಆಕಾರ ಹೊಂದುವುದಿಲ್ಲ. ಬರುವ ಅಳತೆಗಳು ನಾಲ್ಕು:

- ಎಂಡಿ: ಎಲ್ಲಾ ದಿಕ್ಕಿನ ಸರಾಸರಿ ಅಲೆದಾಟ.
- ಎಫ್‌ಎ: ಅಲೆದಾಟ ಎಷ್ಟರ ಮಟ್ಟಿಗೆ ಒಂದೇ ದಿಕ್ಕಿಗೆ ಒಲಿದಿದೆ ಎನ್ನುವುದು. 0 ಅಂದರೆ ಎಲ್ಲ ಕಡೆಗೂ ಸಮ, 1ರ ಹತ್ತಿರ ಅಂದರೆ ಒಂದೇ ಕಡೆಗೆ.
- ಎಡಿ: ತಂತುವಿನ ಉದ್ದಕ್ಕೆ.
- ಆರ್‌ಡಿ: ತಂತುವಿಗೆ ಅಡ್ಡಕ್ಕೆ.

ಈಗ ಬಣ್ಣದ ಎಫ್‌ಎ ನಕ್ಷೆ ತೆರೆಯಿರಿ. ಕಾರ್ಪಸ್ ಕಲೋಸಂ ಕೆಂಪು, ಕಾರ್ಟಿಕೋಸ್ಪೈನಲ್ ಟ್ರಾಕ್ಟ್ ನೀಲಿ, ಹಿಂದೆ ಮುಂದೆ ಓಡುವ ಸಿಂಗ್ಯುಲಂ ಹಸಿರು ಇರಬೇಕು. ಬಣ್ಣ ಸರಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಲ್ಲ. ಒಂದು ಅಕ್ಷದ ಚಿಹ್ನೆ ಪ್ಲಸ್ ಬದಲು ಮೈನಸ್ ಆಗಿದ್ದರೂ ಬಣ್ಣ ಬದಲಾಗುವುದಿಲ್ಲ. ದಿಕ್ಕುಗಳನ್ನು ಗೆರೆಗಳಾಗಿ ಹಾಕಿ, ಕಾರ್ಪಸ್ ಕಲೋಸಂನ ಮುಂದಿನ ತುದಿ ಬಾಗುವ ಜಾಗ ನೋಡಿ. ಗೆರೆಗಳು ಬಾಗಿನ ಜೊತೆ ಸಾಗಬೇಕು. ಅಡ್ಡಾದಿಡ್ಡಿ ಇದ್ದರೆ ಬಿವೆಕ್ ತಪ್ಪಿದೆ.

ಹಂತ 8: ಸಂಖ್ಯೆಗೆ ಅರ್ಥ ಹೇಳುವುದು

"ಆರ್‌ಡಿ ಏರಿದೆ, ಆದ್ದರಿಂದ ಮೈಲಿನ್ ಹೋಗಿದೆ." ಈ ವಾಕ್ಯವನ್ನು ನಿಮ್ಮ ಥೀಸಿಸ್‌ನಲ್ಲಿ ಬರೆಯಬೇಡಿ. ಇದು ಎಲ್ಲಿಂದ ಬಂತು ಹೇಳುತ್ತೇನೆ. 2002ರಲ್ಲಿ ಸಾಂಗ್ ಮತ್ತು ಸಂಗಡಿಗರು ಹುಟ್ಟಿನಿಂದಲೇ ಮೈಲಿನ್ ಕೊರತೆ ಇರುವ ಶಿವರರ್ ಇಲಿಗಳಲ್ಲಿ ಆರ್‌ಡಿ ಏರಿ ಎಡಿ ಹಾಗೇ ಉಳಿದಿದ್ದನ್ನು ತೋರಿಸಿದರು. ಒಳ್ಳೆಯ ಕೆಲಸ. ಆದರೆ ಅದು ತಂತುಗಳು ಒಂದೇ ದಿಕ್ಕಿಗೆ ಸಾಗುವ ಜಾಗಗಳಲ್ಲಿ, ಉರಿಯೂತ ಇಲ್ಲದ ಇಲಿಗಳಲ್ಲಿ.

ಎಂಎಸ್ ಮೆದುಳಿನಲ್ಲಿ ಒಂದೇ ವಾಕ್ಸೆಲ್‌ನೊಳಗೆ ಊತ, ಉರಿಯೂತದ ಜೀವಕೋಶಗಳು, ಸತ್ತ ತಂತು, ಮೈಲಿನ್ ಕಳೆದುಕೊಂಡ ತಂತು, ಗಾಯ ಮಾಯ್ದ ಗಂಟು ಎಲ್ಲವೂ ಇರಬಹುದು. ಎಲ್ಲವೂ ಆರ್‌ಡಿಯನ್ನು ಬದಲಿಸುತ್ತವೆ. ಇನ್ನೊಂದು ತೊಡಕು: ಬಿಳಿ ಭಾಗದ ಬಹುಪಾಲು ವಾಕ್ಸೆಲ್‌ಗಳಲ್ಲಿ ಎರಡು ಮೂರು ದಿಕ್ಕಿನ ತಂತುಗಳು ಹಾದುಹೋಗುತ್ತವೆ. ಅಂಥ ಕಡೆ ಒಂದು ದಿಕ್ಕಿನ ತಂತುಗಳು ಸತ್ತರೆ ಉಳಿದ ದಿಕ್ಕೇ ಮೇಲುಗೈ ಸಾಧಿಸಿ ಎಫ್‌ಎ ಏರಬಹುದು. ಹಾನಿಯಾಗಿದೆ, ಸಂಖ್ಯೆ ಮಾತ್ರ ಚೆನ್ನಾಗಿದೆ! 2009ರಲ್ಲಿ ವೀಲರ್-ಕಿಂಗ್‌ಶಾಟ್ ಮತ್ತು ಚೆರ್ಚಿನ್ಯಾನಿ ಎಡಿ, ಆರ್‌ಡಿಗಳ ಬಗ್ಗೆ ಇದೇ ರೀತಿ ಎಚ್ಚರಿಸಿದ್ದರು.

ಹಾಗಾದರೆ ಏನು ಬರೆಯಬೇಕು? "ಆರ್‌ಡಿ ಏರಿದೆ. ಇದು ಮೈಲಿನ್ ನಷ್ಟಕ್ಕೆ ಹೊಂದುತ್ತದೆ, ಆದರೆ ಊತ ಮತ್ತು ತಂತು ನಾಶದಿಂದಲೂ ಹೀಗಾಗಬಹುದು." ಮೈಲಿನ್ ಬಗ್ಗೆಯೇ ಮಾತಾಡಬೇಕಿದ್ದರೆ ಮ್ಯಾಗ್ನೆಟೈಸೇಶನ್ ಟ್ರಾನ್ಸ್‌ಫರ್ ಅಥವಾ ಮೈಲಿನ್ ವಾಟರ್ ಚಿತ್ರಣವನ್ನು ಜೊತೆಗೆ ಸೇರಿಸಿ.

ನಾಡಿ (NODDI) ಎಂಬ ಮಾದರಿ 2012ರಲ್ಲಿ ಬಂತು. ವಾಕ್ಸೆಲ್‌ನ ನೀರನ್ನು ತಂತುಗಳ ಒಳಗಿನದು, ಹೊರಗಿನದು, ಸ್ವತಂತ್ರ ದ್ರವ ಎಂದು ಮೂರು ಪಾಲು ಮಾಡುತ್ತದೆ. ಎರಡು ಬಿ-ವ್ಯಾಲ್ಯೂ ತೆಗೆಯಿರಿ ಎಂದಿದ್ದು ಇದಕ್ಕೂ ಹೌದು. ಉಪಯುಕ್ತ ಮಾದರಿ, ಆದರೆ ತಂತುವಿನ ಉದ್ದಕ್ಕೆ ನೀರಿನ ಅಲೆದಾಟ ಎಲ್ಲ ಕಡೆಯೂ ಮಿಲಿಸೆಕೆಂಡಿಗೆ 1.7 ಚದರ ಮೈಕ್ರೋಮೀಟರ್ ಎಂದು ಮೊದಲೇ ನಂಬಿಕೊಂಡಿರುತ್ತದೆ. ಕಲೆಯೊಳಗೆ ಆ ನಂಬಿಕೆ ನಿಲ್ಲಬೇಕೆಂದಿಲ್ಲ. ನಾರ್ಮಲ್ ಆಗಿ ಕಾಣುವ ಭಾಗದಲ್ಲಿ ಅದರ ಮೇಲೆ ಹೆಚ್ಚು ಭರವಸೆ ಇಡಿ, ಕಲೆಯೊಳಗೆ ಕಡಿಮೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಬಿ 1000 ಚಿತ್ರದಲ್ಲಿ ಕಲೆ ಹೊಳೆದರೆ ಪಾರ್ಶ್ವವಾಯು ಎಂದು ಹೆದರುವ ಮುಂಚೆ ಎಡಿಸಿ ನಕ್ಷೆ, ಅಂದರೆ ನೀರಿನ ಅಲೆದಾಟ ಎಷ್ಟು ಎಂದು ತೋರಿಸುವ ನಕ್ಷೆ, ನೋಡಿ. ಎಡಿಸಿಯೂ ಹೆಚ್ಚಿದ್ದರೆ ಅದು ಟಿ2 ಹೊಳಪು ಹಾದುಬಂದಿದ್ದು. ಹಾಗಂತ ಕೆಲವು ಹೊಸ ಎಂಎಸ್ ಕಲೆಗಳಲ್ಲಿ ಎಡಿಸಿ ನಿಜವಾಗಿಯೂ ಇಳಿದಿರುತ್ತದೆ. ನ್ಯಾಟಲಿಜುಮ್ಯಾಬ್ ಎಂಬ ಎಂಎಸ್ ಔಷಧ ಪಡೆಯುತ್ತಿರುವವರಲ್ಲಿ ಹೊಸ ಹೊಳೆಯುವ ಜಾಗ ಕಂಡರೆ ಪಿಎಂಎಲ್ ಎಂಬ ಅಪಾಯಕಾರಿ ವೈರಸ್ ಸೋಂಕನ್ನೂ ಯೋಚಿಸಬೇಕು. ತಡಮಾಡದೆ ನರವೈದ್ಯರಿಗೆ ತಿಳಿಸಿ.

ಹಂತ 9: ನರದಾರಿಗಳು

ಟ್ರಾಕ್ಟೋಗ್ರಫಿ ಅಂದರೆ ದಿಕ್ಕುಗಳನ್ನು ಒಂದಕ್ಕೊಂದು ಜೋಡಿಸಿ ನರದಾರಿಯನ್ನು ಎಳೆಯುವುದು. ಸಾಮಾನ್ಯ ವಿಧಾನದಲ್ಲಿ ಎಫ್‌ಎ ಒಂದು ಮಿತಿಗಿಂತ ಇಳಿದರೆ ಗೆರೆ ನಿಲ್ಲುತ್ತದೆ. ಎಂಎಸ್ ಕಲೆಯಲ್ಲಿ ಎಫ್‌ಎ ಇಳಿದೇ ಇರುತ್ತದೆ. ಆಗ ದಾರಿ ಕಡಿದುಹೋದಂತೆ ಕಾಣುತ್ತದೆ, ತಂತುಗಳು ಅಲ್ಲಿ ಇನ್ನೂ ಇದ್ದರೂ. ಗೆರೆಗಳ ಸಂಖ್ಯೆಯನ್ನು ತಂತುಗಳ ಸಂಖ್ಯೆ ಎಂದು ಓದುವುದಂತೂ ದೊಡ್ಡ ತಪ್ಪು.

ಎಂಆರ್‌ಟ್ರಿಕ್ಸ್‌ನ ಸಿಎಸ್‌ಡಿ ವಿಧಾನ ಹಲವು ದಿಕ್ಕುಗಳನ್ನು ಬಿಡಿಸುತ್ತದೆ, ಎಫ್‌ಎಯನ್ನು ನಂಬಿ ಕೂರುವುದಿಲ್ಲ. ಅದರಲ್ಲಿ ಅಂಗಾಂಶದ ನಕ್ಷೆಗೆ ಕಲೆಗಳನ್ನು ರೋಗಪೀಡಿತ ಭಾಗ ಎಂದು ಸೇರಿಸುವ ಸೌಲಭ್ಯವೂ ಇದೆ. ಇನ್ನೂ ಸರಳ ದಾರಿ ಬೇಕಾದರೆ, ಆರೋಗ್ಯವಂತರಿಂದ ಮಾಡಿದ ಅಟ್ಲಾಸ್‌ನ ದಾರಿಯನ್ನು ರೋಗಿಯ ಮೆದುಳಿಗೆ ಹೊಂದಿಸಿ ಅದರೊಳಗೆ ಅಳೆಯಿರಿ. ಮೊದಲ ಅಧ್ಯಯನಕ್ಕೆ ನಾನು ಇದನ್ನೇ ಸೂಚಿಸುತ್ತೇನೆ.

ಗುಂಪುಗಳ ಎಫ್‌ಎ ಹೋಲಿಸುವ ಟಿಬಿಎಸ್‌ಎಸ್ ವಿಧಾನ ಬಳಸುವವರು ಗಮನಿಸಿ. ಅದು ಬಿಳಿ ಭಾಗದ ನಡುಗೆರೆಗೆ ಸುತ್ತಲಿನ ಅತಿ ಹೆಚ್ಚು ಎಫ್‌ಎ ಆರಿಸಿ ತರುತ್ತದೆ. ನಡುವೆ ಕಲೆ ಇದ್ದರೆ ಪಕ್ಕದ ಚೆನ್ನಾಗಿರುವ ವಾಕ್ಸೆಲ್ ಅನ್ನು ಎತ್ತಿಕೊಳ್ಳಬಹುದು. ಹಾನಿ ಕಡಿಮೆ ಕಾಣುತ್ತದೆ.

ಹಂತ 10: ಸಂಖ್ಯಾಶಾಸ್ತ್ರ ಮತ್ತು ವರದಿ

ವಯಸ್ಸು, ಲಿಂಗ ಎರಡನ್ನೂ ಲೆಕ್ಕಕ್ಕೆ ಸೇರಿಸಿ. ವಯಸ್ಸಾದಂತೆ ಎಫ್‌ಎ ತಾನಾಗಿಯೇ ಇಳಿಯುತ್ತದೆ. ಎಡ್ಡಿ ಕೊಡುವ ಅಲುಗಾಟದ ಅಳತೆಯನ್ನು ಎರಡು ಗುಂಪಿನಲ್ಲೂ ಹೋಲಿಸಿ ತೋರಿಸಿ. ಒಟ್ಟು ಕಲೆಯ ಗಾತ್ರವನ್ನು ಹಾಕಿ ಒಮ್ಮೆ, ಹಾಕದೆ ಒಮ್ಮೆ ಲೆಕ್ಕ ಮಾಡಿ. ಎರಡೂ ಫಲಿತಾಂಶ ಬರೆಯಿರಿ. ನಾಲ್ಕು ಅಳತೆ, ಇಪ್ಪತ್ತು ದಾರಿ ಎಂದರೆ ಎಂಬತ್ತು ಪರೀಕ್ಷೆ. ಅದರಲ್ಲಿ ಸುಮಾರು ನಾಲ್ಕರ ಪಿ-ವ್ಯಾಲ್ಯೂ ಸುಮ್ನೆ ಅದೃಷ್ಟದಿಂದಲೇ 0.05ರ ಕೆಳಗೆ ಬರುತ್ತದೆ. ಹಲವು ಪರೀಕ್ಷೆಗಳ ತಿದ್ದುಪಡಿ ಮಾಡದೆ ಯಾವುದನ್ನೂ ಪ್ರಕಟಿಸಬೇಡಿ.

ಎರಡು ಆಸ್ಪತ್ರೆಗಳ ಡೇಟಾ ಸೇರಿಸುವುದಾದರೆ ಕಾಂಬ್ಯಾಟ್ ಎಂಬ ಹೊಂದಾಣಿಕೆ ವಿಧಾನ ಇದೆ. ಆದರೆ ರೋಗಿಗಳೆಲ್ಲ ಒಂದು ಕಡೆ, ಆರೋಗ್ಯವಂತರೆಲ್ಲ ಇನ್ನೊಂದು ಕಡೆ ಇದ್ದರೆ ಯಾವ ವಿಧಾನವೂ ಕಾಪಾಡುವುದಿಲ್ಲ.

ವರದಿಯಲ್ಲಿ ಇವಿಷ್ಟು ಇರಲೇಬೇಕು: ಸ್ಕ್ಯಾನರ್ ಮತ್ತು ಅದರ ತಂತ್ರಾಂಶದ ಆವೃತ್ತಿ, ಬಿ-ವ್ಯಾಲ್ಯೂಗಳು, ದಿಕ್ಕುಗಳ ಸಂಖ್ಯೆ, ವಾಕ್ಸೆಲ್ ಗಾತ್ರ, ಶುಚಿ ಮಾಡಿದ ಕ್ರಮ, ಕಲೆ ಗುರುತಿಸಿದ ವಿಧಾನ, ಅಂಚಿನ ದಪ್ಪ, ಕೈಬಿಟ್ಟ ರೋಗಿಗಳ ಸಂಖ್ಯೆ ಮತ್ತು ಕಾರಣ. ಮೂಲ ಡೈಕಾಮ್ ಕಡತಗಳನ್ನು ಅಳಿಸಬೇಡಿ. ಜಾಗ ಸಾಲದಿದ್ದರೆ ನಡುವಿನ ಕಡತಗಳನ್ನು ಅಳಿಸಿ, ಆದರೆ ಅವನ್ನು ಮತ್ತೆ ತಯಾರಿಸುವ ಸ್ಕ್ರಿಪ್ಟ್ ಉಳಿಸಿಕೊಂಡಿರಿ.